ಕೊನೇ ಸೀಟಿನ ಡಬ್ಬಿ

ಜೂನ್ 9, ಸಂಜೆ

ಕನ್ನಡಕ ಸಿಕ್ಕಿತು. ಫ್ರಿಜ್ಜಿನಲ್ಲಿ. ಹಾಲಿನ ಪಾತ್ರೆಯ ಪಕ್ಕ ತಣ್ಣಗೆ ಕೂತಿತ್ತು. ಹಾಕಿಕೊಂಡರೆ ಮೂಗು ಜುಂ ಅಂತು.

ಇವರು ನಕ್ಕಿದ್ದೇ ನಕ್ಕಿದ್ದು. "ಊರಿಗೆಲ್ಲ ಕನ್ನಡಕ ಮಾಡಿಕೊಡೋನ ಹೆಂಡ್ತಿ ನೀನು. ನಿನ್ನ ಕನ್ನಡಕ ಹುಡುಕೋಕೆ ಇನ್ನೊಂದು ಕನ್ನಡಕ ಮಾಡಿಕೊಡ್ಲೇನೇ?" ನಗಲಿ. ಅಂಗಡಿಯಲ್ಲಿ ಫ್ಯಾನ್ ಕೆಳಗೆ ಕೂತು ಗಾಜು ಒರೆಸುವವರಿಗೆ ಏನು ಗೊತ್ತು. ಬಸ್ಸು ತುಂಬ ಮಕ್ಕಳನ್ನು ಕೂರಿಸಿಕೊಂಡು ಒಂದು ರಿವರ್ಸ್ ತೆಗೆದು ತೋರಿಸಲಿ, ಆಮೇಲೆ ಮಾತಾಡೋಣ.

ಸ್ಕೂಲು ಶುರುವಾಗಿ ಒಂದು ವಾರ. ನಾಲ್ಕನೇ ನಂಬರ್ ಬಸ್ಸು ಈ ವರ್ಷವೂ ನನ್ನದೇ. ಹೊಸ ಮಕ್ಕಳೂ ಬಾಯಿಪಾಠ ಆದರು. ಯಾರಿಗೆ ಯಾವ ತಿರುವಿನಲ್ಲಿ ಹೊಟ್ಟೆ ತೊಳಸುತ್ತೆ, ಯಾರು ಯಾರ ಪಕ್ಕ ಕೂತರೆ ಜಗಳ, ಯಾರ ಅಮ್ಮ ಯಾವಾಗಲೂ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿ ಬರ್ತಾರೆ — ಎಲ್ಲ ಗೊತ್ತು. ಕೊನೇ ಸೀಟಿನವಳಿಗೆ ನಿದ್ದೆಬುರುಕಿ ಅಂತ ಹೆಸರಿಟ್ಟಿದ್ದೇನೆ. ಒಂದನೇ ಕ್ಲಾಸು. ಹತ್ತಿ ಕೂತ ಮೇಲೆ ಎರಡು ಹಂಪ್ ದಾಟೋಷ್ಟರಲ್ಲಿ ಗೊರಕೆ. ಅವಳ ಮುಂದಿನ ಸೀಟಿನವಳು ಪ್ರಶ್ನೆಪತ್ರಿಕೆ. ಬಾಯಿ ಮುಚ್ಚಿದ್ದು ನೋಡಿಲ್ಲ.

ಬೆಳಿಗ್ಗೆ ಎಲ್ಲರನ್ನೂ ಗೇಟಲ್ಲಿ ಇಳಿಸಿದ ಮೇಲೆ ಆಯಾ ಚಿಕ್ಕವರನ್ನು ಕರೆದುಕೊಂಡು ಒಳಗೆ ಹೋಗ್ತಾಳೆ. ನಾನು ಬಸ್ಸನ್ನು ಹಿಂದಿನ ಶೆಡ್ಡಿಗೆ ತರ್ತೀನಿ. ಇಂಜಿನ್ ಆಫ್ ಮಾಡಿ, ಕೊನೇ ಸೀಟಿನವರೆಗೆ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ, ಆಮೇಲೆ ಇಳಿಯೋದು. ಸಂಜೆ ಕೊನೇ ಮಗುವನ್ನು ಮನೆ ಹತ್ತಿರ ಬಿಟ್ಟು ಬಂದ ಮೇಲೂ ಅಷ್ಟೇ. ಇದಕ್ಕೆ ಕೊನೇ ನೋಟ ಅಂತ ಹೆಸರು. ನಾನೇ ಇಟ್ಟದ್ದು. ಇಷ್ಟು ವರ್ಷದಲ್ಲಿ ಮಗು ಇರಲಿ, ಒಂದು ಕರ್ಚೀಫನ್ನೂ ಬಿಟ್ಟು ಇಳಿದವಳಲ್ಲ ನಾನು. ಜಂಬ ಅಂದರೆ ಜಂಬ. ಹೌದು, ಇದೆ.

ಜೂನ್ 12

ಶೆಡ್ಡಿನ ಧೂಳಿಗೆ ಸೀನೋ ಸೀನು. ಮೆಡಿಕಲ್ ಶಾಪಿನ ಅದೇ ಹಳೇ ಮಾತ್ರೆ. ನುಂಗಿದೆ. ಮೂಗು ನಿಂತಿತು. ಈಗ ದಿನಾ ಒಂದು ಬೇಕೇ ಬೇಕು ಅಂತಾಗಿದೆ.

ಅಡುಗೆಮನೆಗೆ ಹೋದೆ. ಯಾಕೆ ಹೋದೆ ಅಂತ ನೆನಪಾಗಲಿಲ್ಲ. ವಾಪಸ್ ಬಂದು ಕುರ್ಚಿಯಲ್ಲಿ ಕೂತ ಮೇಲೆ ನೆನಪಾಯಿತು. ಕತ್ತರಿ! ಮತ್ತೆ ಎದ್ದು ಹೋಗಿ ನೀರು ಕುಡಿದು ಬಂದೆ. ಕತ್ತರಿ ಅಲ್ಲೇ ಇದೆ.

ಜೂನ್ 17, ಮಧ್ಯಾಹ್ನ, ಶೆಡ್ಡಿನಲ್ಲಿ

ಬೆಳಿಗ್ಗೆ ಒಂದು ಅವಮಾನ.

ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ಹೋಗಬೇಕು. ಈ ವರ್ಷ ರೂಟು ಬದಲಾಗಿದೆ. ಕೈ ತಾನಾಗಿ ಬಲಕ್ಕೆ ತಿರುಗಿಸಿತು. ಹೋದ ವರ್ಷದ ದಾರಿ! ಹೋದ ವರ್ಷದ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಯಾರೂ ಹತ್ತಲಿಲ್ಲವಲ್ಲ ಅಂತ ಹಾರ್ನ್ ಬೇರೆ ಹೊಡೆದೆ. ಎದುರಿಗೆ ಒಂದು ನಾಯಿ. ಅದೂ ಹತ್ತಲಿಲ್ಲ.

"ಆಂಟಿ, ಇದು ಯಾರ ಮನೆ? ನಾವ್ಯಾಕೆ ಇಲ್ಲಿ ಬಂದ್ವಿ? ಆಂಟಿ, ನಾಯಿಗೂ ಸ್ಕೂಲ್ ಇದ್ಯಾ?" ಪ್ರಶ್ನೆಪತ್ರಿಕೆ ಬಿಡಲಿಲ್ಲ. ಬಸ್ಸೆಲ್ಲ ಹೋ ಅಂತ ನಗು. ನಾನೂ ನಕ್ಕೆ, ಏನು ಮಾಡೋದು.

ಸರಿಯಾದ ಸ್ಟಾಪಿಗೆ ಬಂದಾಗ ಒಬ್ಬ ತಾಯಿ ಮಗನ ಕೈ ಹಿಡಿದು ಬಿಸಿಲಲ್ಲಿ ನಿಂತಿದ್ದಳು. "ಪರವಾಗಿಲ್ಲ ಬಿಡಿ ಆಂಟಿ, ವಯಸ್ಸಾದ ಮೇಲೆ ಹಾಗೇ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಐವತ್ತಾರು ಒಂದು ವಯಸ್ಸಾ?

ಜೂನ್ 20

ಬೆಳಿಗ್ಗೆ ಪ್ರಶ್ನೆಪತ್ರಿಕೆ ಹತ್ತುತ್ತಲೇ, "ಆಂಟಿ, ನಿನ್ನೆ ಸಂಜೆ ನನ್ನ ಛತ್ರಿ ಬಸ್ಸಲ್ಲೇ ಬಿಟ್ಟೆ."

"ಚಾನ್ಸೇ ಇಲ್ಲ" ಅಂದೆ. "ಬಿಟ್ಟಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು. ಮನೇಲಿ ಹುಡುಕು."

ಅವಳು ಹಿಂದೆ ಹೋದಳು. ಕೊನೇ ಸೀಟಿನ ಕೆಳಗೆ ಕೈ ಹಾಕಿ ತೆಗೆದೇ ಬಿಟ್ಟಳು. ಕೆಂಪು ಛತ್ರಿ. ಕಣ್ಣಿಗೆ ಹೊಡೆಯೋ ಕೆಂಪು.

ಅಂದರೆ ನಿನ್ನೆ ಸಂಜೆ ನಾನು ಕೊನೇ ನೋಟ ನೋಡಿಲ್ಲ. ಶೆಡ್ಡಿಗೆ ಬಂದದ್ದು ನೆನಪಿದೆ. ಇವರ ಫೋನ್ ಬಂದದ್ದು ನೆನಪಿದೆ — ಗ್ಯಾಸ್ ಬುಕ್ ಮಾಡಿದ್ಯಾ ಅಂತ. ಮಾತಾಡ್ತಾ ಕೀ ತೆಗೆದದ್ದು ನೆನಪಿದೆ. ಆಮೇಲೆ? ಆಮೇಲೆ ಮನೆ. ನಡುವೆ ಏನೂ ಇಲ್ಲ. ಖಾಲಿ.

ಛತ್ರಿ ಇದ್ದ ಜಾಗದಲ್ಲಿ ಮಗು ಇದ್ದಿದ್ದರೆ? ಬಾಗಿಲು ಹಾಕಿದ ಬಸ್ಸು, ಮೇಲೆ ತಗಡಿನ ಶೆಡ್ಡು, ಈ ಬಿಸಿಲು.

ಯಾರಿಗೂ ಹೇಳಿಲ್ಲ. ಇವರಿಗೂ.

ಜೂನ್ 21

ಬರೆಯೋಕೆ ಕೈ ಬರ್ತಿಲ್ಲ. ಬಸ್ಸಿನ ಕೊನೇವರೆಗೆ ಎರಡು ಸಲ ನಡೆದು ನೋಡಿ ಬಂದೆ. ಗೇಟಿನ ತನಕ ಬಂದವಳು ವಾಪಸ್ ಹೋಗಿ ಮತ್ತೆ ನೋಡಿದೆ.

ಜೂನ್ 23, ಸಂಜೆ

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಅದೂ ಡಬ್ಬಿ ತೊಳೆಯುವಾಗ.

ಕನ್ನಡಕ ಮರೀತೀನಿ, ಕತ್ತರಿ ಮರೀತೀನಿ. ಊಟ ಮಾತ್ರ ಹುಟ್ಟಿದಾಗಿನಿಂದ ಮರೆತಿಲ್ಲ. ಹೊಟ್ಟೆಯೇ ಕೂಗಿ ಕರೆಯುತ್ತೆ. ಅದಕ್ಕೆ ಇವತ್ತಿನಿಂದ ಡಬ್ಬಿ ಚೀಲ ನನ್ನ ಪಕ್ಕ ಅಲ್ಲ, ಕೊನೇ ಸೀಟಿನಲ್ಲಿ. ಬೆಳಿಗ್ಗೆ ಅದನ್ನು ತರಬೇಕು ಅಂದರೆ ಅಲ್ಲಿವರೆಗೆ ನಡೀಲೇಬೇಕು. ಸಂಜೆ ಅದೇ ಚೀಲದಲ್ಲಿ ಮನೆ ಬೀಗದ ಕೈ. ಊಟ ಇಲ್ಲದೆ ಕೂರೋಕಾಗಲ್ಲ, ಬೀಗದ ಕೈ ಇಲ್ಲದೆ ಮನೆ ಒಳಗೆ ಹೋಗೋಕಾಗಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ತಲೆಯಿಂದಲೇ ಬಂದದ್ದು. ತಲೆ ಪೂರ್ತಿ ಕೆಟ್ಟಿಲ್ಲ ಅಂತಾಯಿತು.

ಆಯಾ ನೋಡಿ, "ಡ್ರೈವರಮ್ಮ, ಡಬ್ಬಿಗೂ ಟಿಕೆಟ್ ತಗೊಂಡ್ರಾ?" ಅಂದಳು.

"ವಿಂಡೋ ಸೀಟೇ ಬೇಕಂತೆ ಅದಕ್ಕೆ" ಅಂದೆ.

ನಿದ್ದೆಬುರುಕಿಗೆ ಮಾತ್ರ ಲಾಭ. ಬೆಚ್ಚಗಿನ ಚೀಲ ಕಂಡದ್ದೇ ತಲೆ ಇಟ್ಟು ಮಲಗಿದಳು. ಊಟ ಮಾಡುವಾಗ ಡಬ್ಬಿ ಮುಚ್ಚಳದ ಮೇಲೆ ಒಂದು ಹೇರ್ ಕ್ಲಿಪ್ಪು.

ಜೂನ್ 26

ಡಬ್ಬಿ ಕೆಲಸ ಮಾಡ್ತಿದೆ. ನಾಲ್ಕು ದಿನ, ಒಂದು ಸಲವೂ ತಪ್ಪಿಲ್ಲ. ಆದರೂ ನಿದ್ದೆ ಇಲ್ಲ. ಮಕ್ಕಳು ನನ್ನ ಹಿಂದೆ ಕೂತು ಹಾಡ್ತಾವೆ, ನನ್ನ ತಲೆ ನೆಟ್ಟಗಿದೆ ಅಂತ ನಂಬಿ. ಅದು ನೆಟ್ಟಗಿದೆಯಾ ಅಂತ ನನಗೇ ಗೊತ್ತಿಲ್ಲ.

ಮಗಳಿಗೆ ಛತ್ರಿ ವಿಷಯ ಹೇಳಿದೆ. ಲ್ಯಾಬಿನಲ್ಲಿ ದಿನಾ ಊರವರ ರಕ್ತ ತೆಗೆಯೋಳು, ಕಣ್ಣೀರು ಗಿಣ್ಣೀರು ಇಲ್ಲ. "ಅಮ್ಮ, ಹೆದರಿಕೊಂಡು ಕೂತರೆ ಏನೂ ಗೊತ್ತಾಗಲ್ಲ. ತೋರಿಸೋಣ. ಏನಾದ್ರೂ ಇದ್ರೆ ಬೇಗ ಗೊತ್ತಾಗುತ್ತೆ, ಇಲ್ಲದಿದ್ರೆ ನಿದ್ದೆಯಾದ್ರೂ ಬರುತ್ತೆ."

"ಬಸ್ಸು ಕಿತ್ಕೊಂಡ್ರೆ?"

ಅವಳು ಹತ್ತಿರ ಬಂದು ಕೂತಳು. ನನ್ನ ಕೈ ಹಿಡಿದುಕೊಂಡಳು. ನಾಡಿ ನೋಡ್ತಿದ್ದಾಳೋ ಏನೋ ಅನ್ನಿಸಿತು.

ಜೂನ್ 27

ನಾನೇ ಹೋಗಿ ಹೇಳಿದೆ. ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳೋ ಮೀಸೆಯವರ ಹತ್ತಿರ. ನನಗಿಂತ ಚಿಕ್ಕವರು, ಮೀಸೆ ಮಾತ್ರ ಅವರಿಗಿಂತ ದೊಡ್ಡದು. ಛತ್ರಿ, ಹಳೇ ರೂಟು, ಎಲ್ಲ. "ಡಾಕ್ಟರಿಗೆ ತೋರಿಸ್ತೀನಿ. ಅವರು ಸರಿ ಅನ್ನೋವರೆಗೆ ನಾಲ್ಕನೇ ನಂಬರ್ ಬೇರೆಯವರಿಗೆ ಕೊಡಿ."

ಅವರು ಮೀಸೆ ಒಂದು ಕಡೆ ಎಳೆದರು, ಇನ್ನೊಂದು ಕಡೆ ಎಳೆದರು. "ಅಕ್ಕಾ, ಛತ್ರಿ ತಾನೇ? ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಅಂದೆ.

ಕೀ ಮೇಜಿನ ಮೇಲೆ ಇಟ್ಟೆ. ಮನೆಗೆ ನಡೆದು ಬಂದೆ. ಆದರೆ ತಲೆ ತಗ್ಗಿಸಿ ಬರಲಿಲ್ಲ. ಅವರಾಗಿ ಕಿತ್ತುಕೊಳ್ಳುವ ಮೊದಲು ನಾನಾಗಿ ಕೊಟ್ಟೆ.

ಜುಲೈ 3

ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ನನ್ನ ಬಸ್ಸು ಹೋಯಿತು. ಬೇರೆ ಯಾವನೋ. ಗೇರ್ ಹಾಕೋ ಶಬ್ದ ಕೇಳಿ ನಾನು ಹಲ್ಲು ಕಡಿದೆ.

ಜುಲೈ 4, ಸಂಜೆ

ಡಾಕ್ಟರಮ್ಮ ಮೃದು ಮಾತಿನವರು. ಮೊದಲು ನನ್ನ ಕೇಳಿದರು, ಆಮೇಲೆ ಇವರನ್ನು. ಇವರು ಫ್ರಿಜ್ಜಿನ ಕಥೆ ಹೇಳೋಕೆ ಎಷ್ಟು ಖುಷಿಪಟ್ಟರು ಅಂದರೆ, ಅದಕ್ಕೇ ಬಂದಿದ್ದರೇನೋ.

ಒಂದಷ್ಟು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು. ಗಡಿಯಾರ ಬರೆಸಿದರು. ಹಿಂದೆ ಹಿಂದೆ ಎಣಿಸೋಕೆ ಹೇಳಿದರು. ರಿವರ್ಸ್ ತಾನೇ, ಸಲೀಸಾಗಿ ತೆಗೆದೆ. ಪದಗಳನ್ನೂ ಒಪ್ಪಿಸಿದೆ. ಒಂದು ಮಾತ್ರ ಕೈ ಕೊಟ್ಟಿತು. ಅವರು ಸುಳಿವು ಕೊಟ್ಟದ್ದೇ ಬಾಯಿಗೆ ಬಂತು.

"ಮರೆತದ್ದು ಆಮೇಲೆ ನೆನಪಾಗುತ್ತಾ?"

"ಆಗುತ್ತೆ. ಕೆಲಸ ಕೆಟ್ಟ ಮೇಲೆ."

"ಬಸ್ಸಲ್ಲಿ ಯಾರು ಎಲ್ಲಿ ಇಳೀತಾರೆ ಅನ್ನೋದು?"

ಶುರು ಮಾಡಿದೆ. ಮೂರನೇ ಸ್ಟಾಪ್ ಹೊತ್ತಿಗೆ ಸಾಕು ಅಂತ ಕೈ ಮುಗಿದರು. ಆಮೇಲೆ, "ಯಾವ್ಯಾವ ಮಾತ್ರೆ ತಗೋತೀರಿ?"

"ಮಾತ್ರೆನೇ ಇಲ್ಲ. ಸೀನಿಗೆ ಒಂದು, ಅಷ್ಟೇ."

"ಎಷ್ಟು ದಿನದಿಂದ?"

ಅಲ್ಲಿ ಸಿಕ್ಕಿಬಿದ್ದೆ. ದಿನಾ. ತಿಂಗಳುಗಟ್ಟಲೆ. ಜೊತೆಗೆ ಬಂದಿದ್ದ ಮಗಳ ಕಣ್ಣು ಸಿಟ್ಟಿಗೆ ಕೆಂಪಗಾಯಿತು. ಆ ಹಳೇ ನಮೂನೆ ಮಾತ್ರೆ ಮೂಗಿನ ಜೊತೆ ತಲೆಗೂ ಮಂಕು ಕವಿಸಬಹುದಂತೆ. ಅದನ್ನು ನುಂಗಿ ಬಸ್ಸು ಓಡಿಸಲೇಬಾರದಂತೆ. ಜೊತೆಗೆ ನಸುಕಿಗೆ ಏಳೋದು, ರಾತ್ರಿ ಫೋನ್ ನೋಡ್ತಾ ಕೂರೋದು, ನಿದ್ದೆ ಅರ್ಧಂಬರ್ಧ. ಮೇಲೆ ಒಂದು ಕೆಲಸದ ನಡುವೆ ಇನ್ನೊಂದರ ಫೋನು. ಮನಸ್ಸಿಗೆ ಹತ್ತದೇ ಇದ್ದದ್ದು ನೆನಪಿಗೆ ಹೇಗೆ ಬರುತ್ತೆ, ಅಂದರು. ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು. ರಕ್ತ ಪರೀಕ್ಷೆ. ಕಿವಿಯದ್ದೂ. ಎರಡು ವಾರ ಬಿಟ್ಟು ಬನ್ನಿ, ಅಲ್ಲಿವರೆಗೆ ಸ್ಟೀರಿಂಗ್ ಬೇಡ.

"ನಡೀರಿ, ನಿದ್ದೆ ಮಾಡಿ, ಜನರ ಜೊತೆ ಬೆರೀರಿ. ಹೊಸದೇನಾದ್ರೂ ಕಲೀರಿ."

ಮಗಳು ಪದಬಂಧ ಅಂದಳು. ಅದು ಮಾಡಿದರೆ ನಿದ್ದೆಯೊಂದು ಚೆನ್ನಾಗಿ ಬರುತ್ತೆ ಅಂದೆ. ಏನು ಕಲೀಲಿ ಅಂತ ದಾರಿಯುದ್ದಕ್ಕೂ ಯೋಚನೆ. ಇವರು ತಟ್ಟನೆ, "ಸೈಕಲ್ ಕಲಿ. ಬಸ್ಸು ಓಡಿಸೋಳಿಗೆ ಸೈಕಲ್ ಬರಲ್ಲ, ನಾಚಿಕೆಗೇಡು."

ನಿಜ. ಬರಲ್ಲ. ಈವರೆಗೆ ಇದನ್ನು ಗುಟ್ಟಾಗಿ ಇಟ್ಟಿದ್ದೆವು.

ಜುಲೈ 8

ಬಿದ್ದೆ.

ಜುಲೈ 9

ಬಿದ್ದೆ. ಇವರು ಸೀಟು ಹಿಡಿದುಕೊಂಡು ಓಡಿ ಬರ್ತಾರೆ, ಏದುಸಿರು ಬಿಡ್ತಾ "ಬ್ಯಾಲೆನ್ಸ್! ಬ್ಯಾಲೆನ್ಸ್!" ಅಂತಾರೆ. ತಿರುಗಿ ನೋಡಿದರೆ ಕೈ ಬಿಟ್ಟು ದೂರದಲ್ಲಿ ನಿಂತಿದ್ದರು. ನೋಡಿದ್ದೇ ತಪ್ಪಾಯಿತು. ಹಿಂದಿನ ಬೀದಿಯ ಕಸದ ಡ್ರಮ್ಮಿಗೆ ನನ್ನ ಗುರುತು ಚೆನ್ನಾಗಿ ಆಗಿದೆ.

ನಿದ್ದೆ ಬಂತು. ಕಲ್ಲು ಬಿದ್ದ ಹಾಗೆ.

ಜುಲೈ 14

ಸೈಕಲ್ ಬಂತು!! ಬೀದಿಯ ಈ ತುದಿಯಿಂದ ಆ ತುದಿ. ಒಬ್ಬಳೇ. ಇಳಿಯೋದು ಮಾತ್ರ ಇನ್ನೂ ಗೋಡೆ ಹಿಡಿದು. ಇವರಿಗೆ ಕಣ್ಣು ತುಂಬಿತು, ಧೂಳು ಅಂದರು. ನಾನೂ ಹಾಗೇ ಅಂದೆ.

ಜುಲೈ 19

ರಕ್ತ ಚೆನ್ನಾಗಿದೆ. ಕಿವಿ ಚೆನ್ನಾಗಿದೆ. ತಲೆಯ ಮಂಕು ಎಷ್ಟೋ ಇಳಿದಿದೆ, ನನಗೇ ಗೊತ್ತಾಗುತ್ತೆ. ಡಾಕ್ಟರಮ್ಮ ಬಸ್ಸು ಓಡಿಸಬಹುದು ಅಂತ ಬರೆದುಕೊಟ್ಟರು. ವರ್ಷಕ್ಕೊಮ್ಮೆ ಬಂದು ಹೋಗಿ ಅಂದರು.

"ಇನ್ನು ಏನೂ ಮರೆಯಲ್ಲ ತಾನೇ?" ಕೇಳಿದೆ.

"ಮರೀತೀರಿ. ನಾನೂ ಮರೀತೀನಿ. ಮೊನ್ನೆ ಪಾರ್ಕಿಂಗಲ್ಲಿ ಬೇರೆಯವರ ಕಾರಿಗೆ ಕೀ ಹಾಕಿ ತಿರುಗಿಸ್ತಾ ನಿಂತಿದ್ದೆ. ನೀವು ಹೇಳಿದ ಆ ಡಬ್ಬಿ ಮಾತ್ರ ಕೊನೇ ಸೀಟಿನಲ್ಲೇ ಇರಲಿ."

ಜುಲೈ 21

ನಾಲ್ಕನೇ ನಂಬರ್! ಸ್ಟೀರಿಂಗ್ ಮುಟ್ಟಿದಾಗ... ಇರಲಿ.

ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಶ್ನೆಪತ್ರಿಕೆ, "ಆಂಟಿ, ನೀವು ಎಲ್ಲಿ ಹೋಗಿದ್ರಿ? ಮೊಣಕೈಗೆ ಏನಾಯ್ತು? ಸೈಕಲ್‌ನಿಂದ ಬಿದ್ರಂತೆ, ನಿಜಾನಾ?" ಊರಿಗೆಲ್ಲ ಗೊತ್ತಾಗಿದೆ. ಇವರ ಅಂಗಡಿಗೆ ಬಾಯಿಯೇ ಜಾಸ್ತಿ.

ನಿದ್ದೆಬುರುಕಿ ಏನೂ ಕೇಳಲಿಲ್ಲ. ಸೀದಾ ಹೋಗಿ ಡಬ್ಬಿ ಇದೆಯಾ ನೋಡಿದಳು. ಮಲಗಿದಳು.

ಆಗಸ್ಟ್ 8, ಮಧ್ಯಾಹ್ನ

ಬರೆಯಲೇಬೇಕು. ಈಗಲೇ.

ಇವತ್ತು ಅರ್ಧ ದಿನ. ಮಧ್ಯಾಹ್ನಕ್ಕೆ ಮನೆ. ಹಾಗಾಗಿ ಡಬ್ಬಿ ಕಟ್ಟಿರಲಿಲ್ಲ. ಇವರು ಮನೆಯಲ್ಲೇ, ಬೀಗದ ಕೈಯೂ ಬೇಡ. ಚೀಲ ತಂದೇ ಇರಲಿಲ್ಲ.

ಗೇಟಿನಲ್ಲಿ ಮಕ್ಕಳನ್ನು ಇಳಿಸಿದೆ. ಆಯಾ ರಜೆ. ಅವಳ ಬದಲು ಬಂದವಳು ಹೊಸಬಳು, ಗದ್ದಲದಲ್ಲಿ ಎಣಿಸಿದಳೋ ಇಲ್ಲವೋ. ಶೆಡ್ಡಿಗೆ ಬಂದೆ. ಇಂಜಿನ್ ಆಫ್. ಮೀಸೆಯವರು ಹೊರಗಿನಿಂದ, "ಅಕ್ಕಾ, ಬೇಗ ಬನ್ನಿ, ಮೀಟಿಂಗು!" ಅಂತ ಕೂಗಿದರು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ.

ಅಯ್ಯೋ ಡಬ್ಬಿ, ಅಂದುಕೊಂಡೆ.

ತಂದಿಲ್ಲ ಅನ್ನೋದೇ ಮರೆತಿದ್ದೆ. ಕಾಲು ಹಿಂದಕ್ಕೆ ತಿರುಗಿತು, ನಡೆದೆ. ಮೀಟಿಂಗಿಗೆ ಕರೀತಿದ್ದಾರೆ, ಈ ಹಾಳು ಡಬ್ಬಿ ಬೇರೆ, ಅಂತ ಗೊಣಗಿಕೊಂಡೇ ನಡೆದೆ. ಕೊನೇ ಸೀಟು ಖಾಲಿ. ಡಬ್ಬಿ ಇಲ್ಲ. ಯಾರು ತೆಗೆದರು ಅಂತ ಬಗ್ಗಿ ನೋಡಿದರೆ —

ನಿದ್ದೆಬುರುಕಿ.

ತಲೆ ಇಡೋಕೆ ಇವತ್ತು ಚೀಲ ಇರಲಿಲ್ಲವಲ್ಲ. ಸೀಟಿನಿಂದ ಕೆಳಗೆ ಜಾರಿ, ಎರಡು ಸೀಟಿನ ನಡುವೆ, ಸ್ಕೂಲ್ ಬ್ಯಾಗನ್ನೇ ತಬ್ಬಿಕೊಂಡು ಮುದುರಿ ಮಲಗಿದ್ದಳು. ಮುಂದಿನಿಂದ ಮಿರರ್‌ನಲ್ಲಿ ನೋಡಿದರೆ ಕಾಣೋ ಚಾನ್ಸೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಶೂ ಬಿಚ್ಚಿ ಬಿದ್ದಿತ್ತು.

ಮೊಣಕಾಲಿನ ಮೇಲೆ ಕೂತುಬಿಟ್ಟೆ. ಎತ್ತಿಕೊಂಡೆ. ಅವಳು ಕಣ್ಣು ಬಿಟ್ಟು, "ಡಬ್ಬಿ ಎಲ್ಲಿ ಆಂಟಿ?" ಅಂದಳು.

"ಮನೇಲೇ ಬಿಟ್ಟೆ ಕಣೆ ನನ್ನ ಬಂಗಾರ" ಅಂದೆ. ಅಳು ಬಂತು. ಅತ್ತೆ. ಮೀಸೆಯವರು ಹತ್ತಿ ಬಂದರು, ನೋಡಿದರು, ಮೀಸೆ ಎಳೆಯೋಕೂ ಮರೆತು ನಿಂತರು.

ಆಗಸ್ಟ್ 9

ನಿನ್ನೆ ಅವಳ ತಾಯಿಗೆ ಮೀಸೆಯವರೂ ನಾನೂ ಹೋಗಿ ಎಲ್ಲ ಹೇಳಿದೆವು. ಮುಚ್ಚಿಡಲಿಲ್ಲ. ಅವಳು ನನ್ನ ಕೈ ಹಿಡಿದು ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ಮೀಸೆಯವರ ಕಡೆ ತಿರುಗಿ ಬೈದಳು, ಚೆನ್ನಾಗಿಯೇ ಬೈದಳು. ಎಣಿಸದೆ ಒಳಗೆ ಹೇಗೆ ಬಿಟ್ಟಿರಿ ಅಂತ. ಬೈಯಬೇಕಾದ್ದೇ.

ಇವರಿಗೆ ಹೇಳಿದಾಗ ನಗಲಿಲ್ಲ. "ಮರೆತದ್ದೇ ಒಳ್ಳೇದಾಯ್ತು ನೋಡು" ಅಂದರು.

ಬರೀ ಮರೆವಲ್ಲ ರೀ, ಅಂದೆ. ಡಬ್ಬಿ ಇಲ್ಲ ಅನ್ನೋದನ್ನು ತಲೆ ಮರೆಯಿತು. ನಡೆಯಬೇಕು ಅನ್ನೋದನ್ನು ಕಾಲು ಮರೆಯಲಿಲ್ಲ. ಆ ಕಾಲಿಗೆ ದಿನಾ ಪಾಠ ಹೇಳಿದವಳು ಯಾರು? ನಾನು. ಹೆದರಿಕೆಯಾಗಿದೆ, ಆದರೂ ಹೆಮ್ಮೆ ಆಗ್ತಿದೆ. ಬರೆದು ಇಡ್ತೀನಿ. ಹೆಮ್ಮೆ ಆಗ್ತಿದೆ.

ಆಗಸ್ಟ್ 12

ಮೀಸೆಯವರ ಹೊಸ ರೂಲು. ಎಲ್ಲ ಬಸ್ಸಿನಲ್ಲೂ ಡ್ರೈವರ್ ಡಬ್ಬಿ ಕೊನೇ ಸೀಟಿನಲ್ಲಿ. ಅರ್ಧ ದಿನ ಇದ್ದರೂ ಖಾಲಿ ಡಬ್ಬಿಯಾದರೂ ಇರಬೇಕು. ಆಯಾ ಗೇಟಿನಲ್ಲಿ ತಲೆ ಎಣಿಸಿ ಕೂಗಿ ಹೇಳಬೇಕು, ಡ್ರೈವರ್ ತಿರುಗಿ ಕೂಗಬೇಕು. ಕೊನೇ ನೋಟದ ಹೊತ್ತಿಗೆ ಫೋನ್ ಬಂದ್. ಇದು ನಾನು ಸೇರಿಸಿದ್ದು.

ಎರಡನೇ ನಂಬರ್ ಬಸ್ಸಿನವನು ಮೂಗು ಮುರಿದ. "ನನ್ನ ನೆನಪು ಚೆನ್ನಾಗಿದೆ, ನನಗ್ಯಾಕೆ?"

"ನನ್ನದೂ ಚೆನ್ನಾಗಿತ್ತಪ್ಪ" ಅಂದೆ. ಡಬ್ಬಿ ತಗೊಂಡು ಹಿಂದೆ ಹೋದ.

ಆಗಸ್ಟ್ 18, ಬೆಳಿಗ್ಗೆ

ಇವತ್ತು ಹೊಸ ಡ್ರೈವರ್‌ಗಳು ಬರ್ತಾರೆ. ಅವರಿಗೆ ನಾನೇ ಹೇಳಿಕೊಡಬೇಕಂತೆ. ಮೀಸೆಯವರು ಎಲ್ಲರ ಎದುರು, "ಅಕ್ಕನೇ ನಮ್ಮ ಮೇಷ್ಟ್ರು" ಅಂದರು. ಸೈಕಲ್ಲಿನಲ್ಲೇ ಹೋಗ್ತೀನಿ, ಈಗ ಗೋಡೆ ಇಲ್ಲದೆಯೂ ಇಳಿಯೋಕೆ ಬರುತ್ತೆ.

ಏನು ಹೇಳೋದು ಅಂತ ಬೆಳಿಗ್ಗೆಯಿಂದ ಯೋಚನೆ. ಜೂನ್‌ನಲ್ಲಿ ಆಗಿದ್ದರೆ, ನಾನು ಯಾವತ್ತೂ ಏನೂ ಮರೆತವಳಲ್ಲ ಅಂತ ಎದೆಯುಬ್ಬಿಸಿ ಶುರು ಮಾಡ್ತಿದ್ದೆ. ಈಗ, ನೋಡ್ರಪ್ಪ, ನಾನು ಮರೆಯೋಳು, ಅಂತ ಶುರು ಮಾಡ್ತೀನಿ. ಎದೆ ಅಷ್ಟೇ ಉಬ್ಬಿರುತ್ತೆ. ನನ್ನ ಬಸ್ಸಿನಲ್ಲಿ ಇವತ್ತಿಗೂ ಒಂದು ಮಗುವನ್ನೂ ಬಿಟ್ಟು ಇಳಿದಿಲ್ಲ.

ಡಬ್ಬಿ ಕಟ್ಟಿದ್ದಾಗಿದೆ. ಚೀಲ ಬಾಗಿಲ ಹತ್ತಿರ. ಮೇಲೆ ಒಂದು ಟವಲ್ ಮಡಿಸಿ ಇಟ್ಟಿದ್ದೇನೆ, ಮಲಗೋರಿಗೆ ಮೆತ್ತಗಿರಲಿ. ಇವರು ಸೈಕಲ್ಲಿಗೆ ಗಾಳಿ ಹೊಡೆದು, "ಹೊರಡೇ, ಮೇಷ್ಟ್ರೇ ಲೇಟಾದ್ರೆ ಹೇಗೆ?" ಅಂತ ಕೂಗ್ತಿದ್ದಾರೆ.

ಕನ್ನಡಕ ಒಂದು ಕಾಣ್ತಿಲ್ಲ. ಮೇಜಿನ ಮೇಲಿಲ್ಲ. ಫ್ರಿಜ್ಜಿನಲ್ಲೂ ನೋಡಿ ಬಂದೆ, ಅಲ್ಲೂ ಇಲ್ಲ. ಇವರಿಗೆ ಕೇಳಿದರೆ ಮತ್ತೆ ಶುರು ಮಾಡ್ತಾರೆ, ಕೇಳಲ್ಲ. ಅಲ್ಲ, ಕನ್ನಡಕ ಇಲ್ಲದೆ ಈ ಸಣ್ಣ ಅಕ್ಷರ ಇಷ್ಟು ಹೊತ್ತು ಹೇಗೆ ಬರೆ—